ಏಳನೆಯ ಗುಂಡುಸೂಜಿ

ಟೈಲರಮ್ಮನ ಕತ್ತಿನ ಗಂಟು ನಿಂಬೆಹಣ್ಣಿನಷ್ಟಾದಾಗ ಬಟ್ಟೆ ಕೊಡಲು ಬಂದವರು ಸುಮ್ಮನಿರಲಿಲ್ಲ. "ಗಡಿಬಿಡೀಲಿ ಗುಂಡಿ ನುಂಗಿಬಿಟ್ರಾ?" ಎಂದು ನಗುತ್ತಿದ್ದರು. ಊರವರ ಕತ್ತಿನ ಅಳತೆ ತೆಗೆಯುವವಳಿಗೆ ತನ್ನ ಕತ್ತೇ ನಗೆಪಾಟಲಾಯಿತಲ್ಲ ಎಂಬ ಸಂಕಟ. ಇದು ಕೆಟ್ಟ ಗಂಟಲ್ಲ, ಕ್ಯಾನ್ಸರ್ ಅಲ್ಲ ಎಂದರು ಡಾಕ್ಟರು. ಕೆಳತುಟಿಯ ಹಿಂದೆ ಸಣ್ಣಗೆ ಕೊಯ್ದು ಬಾಯಿಯಿಂದಲೇ ತೆಗೆಯಬಹುದಂತೆ, ಹೊರಗೆ ಗುರುತೇ ಇರುವುದಿಲ್ಲವಂತೆ.

"ಕೆಲವರಿಗೆ ತುಟಿ, ಗದ್ದ ತಿಂಗಳುಗಟ್ಟಲೆ ಜೋಮು ಹಿಡಿದಿರುತ್ತಮ್ಮ. ತುಟಿಯಿಂದ ಮಾಡೋ ಕೆಲಸ ಏನಾದ್ರೂ ಇದೆಯಾ?"

"ನಾನೇನು ಕೊಳಲು ಊದ್ತೀನಾ ಡಾಕ್ಟ್ರೇ? ನಂದು ಕೈ ಕೆಲಸ. ಬಾಯಿಗೆ ಊಟ, ಹರಟೆ, ಅಷ್ಟೇ."

ಸುಳ್ಳು ಹೇಳಲಿಲ್ಲ, ಪಾಪ. ಮೂವತ್ತು ವರ್ಷದಿಂದ ಏಳು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಹೊಲಿದವಳು. ಎಷ್ಟು ಉಳಿದಿವೆ ಎಂದು ತುಟಿಯೇ ಹೇಳುತ್ತಿತ್ತು, ಎಂದೂ ಎಣಿಸಿದ್ದಿಲ್ಲ. ಅದೂ ಒಂದು ಕೆಲಸವೆಂದು ಅವಳಿಗೆ ಹೊಳೆಯಲೇ ಇಲ್ಲ. ಉಸಿರಾಡುವುದನ್ನು ಯಾರಾದರೂ ಕಸುಬು ಅನ್ನುತ್ತಾರೆಯೇ?

ಗಂಟು ಹೋಯಿತು. ಕತ್ತು ಇಸ್ತ್ರಿ ಹಾಕಿದ ಬಟ್ಟೆಯಂತೆ ನುಣ್ಣಗಾಯಿತು. ಹೊತ್ತು ಗೊತ್ತಿಲ್ಲದೆ ಕನ್ನಡಿ ಮುಂದೆ ನಿಲ್ಲುತ್ತಿದ್ದಳು. ತುಟಿ ಮಾತ್ರ ಮರಗಟ್ಟಿತ್ತು, ಕುಡಿದ ನೀರು ಗದ್ದಕ್ಕಿಳಿದರೂ ತಿಳಿಯುತ್ತಿರಲಿಲ್ಲ. ಅಭ್ಯಾಸಬಲ ಎಂಬುದೊಂದು ಇದೆಯಲ್ಲ, ಮೂರನೇ ವಾರ ಮೊಮ್ಮಗಳಿಗೆ ಅಂಗಿ ಹೊಲಿಯಲು ಕೂತವಳು ಎಂದಿನಂತೆ ಸೂಜಿಗಳನ್ನು ತುಟಿಗಿಟ್ಟಳು.

ಮಗಳು ಮಗುವಿಗೆ ಹೊಸ ಅಂಗಿ ತೊಡಿಸಿ ಎದೆಗೊತ್ತಿಕೊಂಡಳು. ಮಗು ಕಿರುಚಿತು. ಹಸಿವೇನೋ ಎಂದು ಇನ್ನಷ್ಟು ಬಿಗಿಯಾಗಿ ಅಪ್ಪಿ ಓಡಾಡಿದಳು. ಟೈಲರಮ್ಮನ ಕಣ್ಣು ಸೂಜಿ ಚುಚ್ಚಿಡುವ ದಿಂಬಿನ ಮೇಲೆ ಬಿತ್ತು. ಜೀವಮಾನದಲ್ಲಿ ಮೊದಲ ಸಲ ಎಣಿಸಿದಳು. ಆರೇ ಇದ್ದವು.

"ಅಂಗಿ ಬಿಚ್ಚೇ," ಎಂದಳು. ಎದ್ದು ಮಗುವಿನತ್ತ ಧಾವಿಸಿದಳು. "ಮೊದಲು ಅಂಗಿ ಬಿಚ್ಚು."

ಕೊರಳಪಟ್ಟಿಯಲ್ಲಿ ಅರ್ಧ ಸೂಜಿ ಸಿಕ್ಕಿತು. ಮರಗಟ್ಟಿದ ತುಟಿಯಿಂದ ಯಾವಾಗ ಜಾರಿತ್ತೋ. ಇನ್ನರ್ಧ ಮುರಿದು ಮಗುವಿನ ಕತ್ತಿನೊಳಗೆ ಉಳಿದಿತ್ತು.

ಅದೇ ಆಸ್ಪತ್ರೆ, ಅದೇ ಡಾಕ್ಟರು. ಕೊಯ್ದೇ ತೆಗೆಯಬೇಕು ಎಂದರು. ಟೈಲರಮ್ಮ ಅವರ ಕೈ ಹಿಡಿದುಕೊಂಡಳು.

"ನನಗೆ ಮಾಡಿದ್ರಲ್ಲ, ಹಾಗೇ ಬಾಯಿಂದ ತೆಗೀರಿ. ಕೂಸಿಗೆ ಗುರುತು ಬೇಡ."

"ಇದು ಹಾಗೆ ಬರಲ್ಲಮ್ಮ," ಎಂದು ಡಾಕ್ಟರು ಮೆಲ್ಲನೆ ಕೈ ಬಿಡಿಸಿಕೊಂಡರು.

ಮಗುವಿನ ಕತ್ತಿಗೆ ಮೂರು ಹೊಲಿಗೆ ಬಿದ್ದವು. ಜೀವಕ್ಕೇನೂ ಆಗಲಿಲ್ಲ. ಮಗಳು ಮಾತು ಬಿಟ್ಟಿಲ್ಲ, ಜಗಳವನ್ನೂ ಆಡಿಲ್ಲ. ಆದರೆ ಮಾತಾಡುವಾಗ ಅಮ್ಮನ ಮುಖ ನೋಡುವುದಿಲ್ಲ, ಕಲೆಯಿಲ್ಲದ ಆ ಕತ್ತನ್ನೇ ನೋಡುತ್ತಾಳೆ.