ಹೊಸ್ತಿಲಾಚೆಯ ಫೋಟೊ

"ತಲೆ ವಾಲ್ತೈತೆ, ಒಸಿ ಎಡಕ್ಕೆ ಎತ್ತವ್ವ," ಎನ್ನುತ್ತ ಗಂಗಯ್ಯ ಅಣ್ಣನ ಹೆಣವನ್ನು ಕುರ್ಚಿಗೆ ಒರಗಿಸಿ ಎದೆಗೆ ಪಂಚೆ ಬಿಗಿದ. ಹರ್ಷಿತಾ ಅಪ್ಪನ ಗಲ್ಲ ಹಿಡಿದು ನೇರ ಮಾಡಿದಳು. ನಿನ್ನೆ ಅವಳೇ ಬೋಳಿಸಿದ ಗಲ್ಲ.

"ಊರೋರ ಹೆಣವೆಲ್ಲ ಫೋಟೊ ಹಿಡ್ದ. ಇವಂದೇ ಒಂದೂ ಇಲ್ಲ," ಎಂದಳು ಸೋದರತ್ತೆ ಲಕ್ಕಮ್ಮ.

"ಕ್ಯಾಮ್ರಾದ ಹಿಂದ್ಗಡೆಯೋನು ನಾನು ಅಂತಿದ್ದ, ಹಟಮಾರಿ," ಎಂದ ಗಂಗಯ್ಯ. "ನೀನೇ ಒಂದು ಹಿಡಿಯವ್ವ, ಗೋಡೆಗೆ ಬೇಕಲ್ಲ."

ಹರ್ಷಿತಾ ಗೂಟದಿಂದ ಅಪ್ಪನ ಕ್ಯಾಮೆರಾ ಇಳಿಸಿದಳು. ಮೊನ್ನೆಯಷ್ಟೇ ಅವನು ಚಾರ್ಜ್ ಮಾಡಿಟ್ಟಿದ್ದ. ಉಳಿಯುವುದು ಒಂದೇ ಚಿತ್ರ, ಅದೂ ಹೆಣದ್ದು. ಅವಳ ಕೈ ಏಳಲಿಲ್ಲ.

*

ಹಳೇಬೀಡಿನ ಗುಡಿ ಮುಂದೆ ಪ್ರವಾಸಿಗರ ಫೋಟೊ ತೆಗೆದು ಬದುಕುತ್ತಿದ್ದ ಸಣ್ಣಯ್ಯನಿಗೆ ಮೇಲ್ಗೇರಿಯಿಂದ ಕರೆ ಬರುತ್ತಿದ್ದುದು ಸಾವಿಗೆ ಮಾತ್ರ. ಮದುವೆಗೆ ಬೇಲೂರಿನ ಸ್ಟುಡಿಯೊದವರಿದ್ದರು. ಸತ್ತವರ ಮನೆಯವರು ಹೆಣವನ್ನು ಪಡಸಾಲೆಯಲ್ಲಿ ಕೂರಿಸಿ, "ಅಲ್ಲಿಂದ್ಲೇ ಹೊಡಿ ಕಣ್ಲಾ," ಎನ್ನುತ್ತಿದ್ದರು. ಅವನು ಅಂಗಳದಿಂದಲೇ ಹೊಡೆಯುತ್ತಿದ್ದ.

ಕೊಬ್ಬರಿ ವ್ಯಾಪಾರಿ ಸಿದ್ದಬಸಪ್ಪನ ಚಿತ್ರ ತೊಳೆಸಿ ತಂದ ದಿನ ಆಗಿನ್ನೂ ಶಾಲೆಯ ಹುಡುಗಿಯಾಗಿದ್ದ ಹರ್ಷಿತಾ ಕೇಳಿದ್ದಳು: "ಅಪ್ಪಾ, ಬಾಗ್ಲು, ಹೊಸ್ತಿಲು ಎಲ್ಲಾ ಬಂದೈತಲ್ಲ. ಕತ್ತರಿಸ್ಬಾರ್ದಿತ್ತಾ?"

"ಸ್ಟುಡಿಯೊದೋನೂ ಅದ್ನೇ ಅಂದ. ನಂಗೂ ಮೊದ್ಲು ತಪ್ಪಾಯ್ತು ಅನ್ನಿಸ್ತು. ನೋಡ್ತಾ ನೋಡ್ತಾ, ಇದೇ ಕಣವ್ವ ನನ್ ಫೋಟೊ ಅನ್ನಿಸ್ತು. ನಾನೆಲ್ಲಿ ನಿಂತಿದ್ದೆ ಅನ್ನಾದು ಅದ್ರಾಗೈತೆ."

ಅಲ್ಲಿಂದಾಚೆಗೆ ಪ್ರತಿ ಸಾವಿನಲ್ಲೂ ಅವನು ಬೇಕೆಂದೇ ಇನ್ನೊಂದು ಹೆಜ್ಜೆ ಹಿಂದೆ ಸರಿದ. ಮೇಲ್ಗೇರಿಯ ಗೋಡೆಗಳ ಮೇಲೆ, ಗಂಧದ ಹಾರದ ಕೆಳಗೆ, ಅವರವರ ಹೊಸ್ತಿಲು ಅವರೆದುರೇ ತೂಗುತ್ತಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ.

*

ತಮಟೆ ನಿಂತಿತು. ಸಿದ್ದಬಸಪ್ಪನ ಮಗ ಚನ್ನೇಶ್ ಹಾರ ಹಿಡಿದು ಅಂಗಳಕ್ಕೆ ಬಂದಿದ್ದ.

"ಒಳಕ್ ಬನ್ನಿ ಸ್ವಾಮಿ," ಎಂದ ಗಂಗಯ್ಯ.

"ಇರ್ಲಿ ಇರ್ಲಿ, ಇಲ್ಲಿಂದ್ಲೇ ಕಾಣ್ತೈತೆ. ನಮ್ ಅಪ್ಪಾಜಿ ಫೋಟೊ ತೆಗೆದಿದ್ದು ಇವ್ನೇ, ಪಾಪ. ಚೆಂದಾಗಿ ತೆಗೆದಿದ್ದ. ಇದೊಂದು ಹಾಕ್ಬಿಡಮ್ಮ." ಹಾರವನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದ.

ಲಕ್ಕಮ್ಮ ಬಗ್ಗಿದಳು.

"ಎತ್ಬೇಡತ್ತೆ. ಅಲ್ಲೇ ಇರ್ಲಿ."

ಹರ್ಷಿತಾ ಕುರ್ಚಿಯ ಹಿಂದಕ್ಕೆ, ಬೆನ್ನು ಗೋಡೆಗೆ ತಾಗುವವರೆಗೂ ಹೋದಳು.

"ಯಾಕವ್ವ ಅಲ್ಲಿಗೋದೆ? ಮಕ ಕಾಣಾಕಿಲ್ಲ," ಎಂದ ಗಂಗಯ್ಯ.

ಅವಳು ಕ್ಯಾಮೆರಾ ಕಣ್ಣಿಗೇರಿಸಿದಳು. ಇತ್ತ ಅಪ್ಪನ ಕಿವಿ, ಬೋಳಿಸಿದ ಗಲ್ಲ, ಹೆಗಲು. ಎದುರಿಗೆ ಬಾಗಿಲು, ಹೊಸ್ತಿಲ ಮೇಲೆ ಹಾರ. ಅದರಾಚೆ ಬಿಸಿಲಲ್ಲಿ ಚನ್ನೇಶ್. ಫೋಟೊ ತೆಗೆಯುತ್ತಿದ್ದಾಳೆಂದು ತಿಳಿದು, ಅವನು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ನೆಟ್ಟಗೆ ನಿಂತ.