ಸೀಲಿಲ್ಲದ ಅಂಕಪಟ್ಟಿ

ಸೀಲಿಲ್ಲದ ಕಾಗದವನ್ನು ಯಾಮಿನಿ ನಂಬುತ್ತಿರಲಿಲ್ಲ. ಧಾರವಾಡದ ಕಾಲೇಜು ಕಚೇರಿಯಲ್ಲಿ ಒಂದೇ ಒಂದು ಸೀಲಿಗಾಗಿ ಮೂರು ದಿನ ಕಾದವಳು ಅವಳು. ಈಗ ಕ್ರೈಸ್ಟ್‌ಚರ್ಚ್‌ನಲ್ಲಿ, ಆಫ್ರಿಕಾದ ಪದವೀಧರರಿಗೆ ಮುಂದಿನ ಓದಿಗೆ ವಿದ್ಯಾರ್ಥಿವೇತನ ಕೊಡುವ ಟ್ರಸ್ಟೊಂದರಲ್ಲಿ ಅರ್ಜಿ ನೋಡುವುದು ಅವಳ ಕೆಲಸ. ಸೀಲು ಬೇಕಿಲ್ಲ, ಸ್ಕ್ಯಾನ್ ಪ್ರತಿ ಇದ್ದರೆ ಸಾಕು ಎನ್ನುತ್ತಿತ್ತು ಅಲ್ಲಿನ ನಿಯಮ. "ಬಂದಿದ್ದನ್ನೆಲ್ಲಾ ನಂಬೂದಾದ್ರ ನಾವ್ಯಾಕ ಇಲ್ಲಿ ಕುಂತೀವಿ?" ಎಂದು ಗೊಣಗಿ, ಜಾಂಬಿಯಾದ ಮುತಿಂತಾ ಎಂಬ ಹುಡುಗಿಗೆ ಅವಳು ಮೇಲ್ ಬರೆದಳು: ಅಂಕಪಟ್ಟಿಗೆ ವಿಶ್ವವಿದ್ಯಾಲಯದ ಸೀಲು ಹಾಕಿಸಿ ಕಳಿಸಿ. ಜಾಣ ಹುಡುಗಿಯ ಫೈಲು ಗಟ್ಟಿಯಿರಲಿ ಎನ್ನುವುದಷ್ಟೇ ಅವಳ ಆಸೆ.

ಸೀಲು ಬರಲಿಲ್ಲ. ಸಮಿತಿಯವರು ಅದನ್ನು ಕೇಳಲೂ ಇಲ್ಲ, ಮುತಿಂತಾ ಆಯ್ಕೆಯಾಗಿಬಿಟ್ಟಳು. ಖುಷಿ ತಡೆಯದೆ ಯಾಮಿನಿ ತಾನೇ ಫೋನ್ ಹಚ್ಚಿದಳು. ಇಲ್ಲಿ ಸಂಜೆ, ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಎತ್ತಿದ್ದು ಹುಡುಗಿಯ ಅಪ್ಪ.

ಯಾಮಿನಿ ಹೇಳಿದ್ದನ್ನೆಲ್ಲ ಆತ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ: ಮಗಳು ಸೀಲು ಹಾಕಿಸಲೆಂದು ವಿಶ್ವವಿದ್ಯಾಲಯವಿರುವ ಲುಸಾಕಾಕ್ಕೆ ಹೋಗಿದ್ದಳು, ವಾಪಸ್ಸು ಬರುವಾಗ ಬಸ್ಸು ಮಗುಚಿತು, ಅವಳನ್ನು ಮಣ್ಣು ಮಾಡಿ ಹನ್ನೆರಡು ದಿನವಾಯಿತು.

ಆ ಸೀಲು ಬೇಕಾಗಿಯೇ ಇರಲಿಲ್ಲ ಎಂಬುದನ್ನು ಯಾಮಿನಿ ಆತನಿಗೆ ಹೇಳಲಿಲ್ಲ.

"ಕಾಗದ ಅವಳ ಚೀಲದಲ್ಲೇ ಇತ್ತು ಮೇಡಂ, ಒಂದು ಮಡಿಕೆಯೂ ಬಿದ್ದಿಲ್ಲ," ಎಂದ ಆತ. "ಸೀಲು ಚೆನ್ನಾಗಿ ಮೂಡಿದೆ. ನೀವು ಕೇಳಿದ್ದಿರಲ್ಲ, ಕಳಿಸಲಾ?"