ಸುರಂಗದ ತಿರುವಿನಲ್ಲಿ ಕಡಿದ ಮಾತು

ಫೋನು ತಂತ್ರಜ್ಞ ರೈಮೊ ತೊರ್ವಿನೆನ್, ಆಸ್ಪತ್ರೆಯ ತಾಂತ್ರಿಕ ಕೋಣೆಯಲ್ಲಿ ಕೂತು ಪರದೆಯ ಮೇಲಿನ ಆ ಎರಡು ಸಾಲುಗಳನ್ನು ಮೂರನೇ ಸಲ ಓದಿದ. ನವೆಂಬರ್ ಹದಿನಾಲ್ಕು, ಮಧ್ಯಾಹ್ನ ಒಂದು ಗಂಟೆ ನಲವತ್ತೆರಡು ನಿಮಿಷ. ನರ್ಸ್ ತುಯಿರೆಯ ಫೋನು ಹಳೆಯ ಕಟ್ಟಡದ ವೈ-ಫೈ ಡಬ್ಬಿಯ ಕೈಬಿಟ್ಟಿತ್ತು. ಆಮೇಲೆ ಹೊಸ ಕಟ್ಟಡದ ಡಬ್ಬಿಯನ್ನು ಹಿಡಿದಿತ್ತು. ನಡುವೆ ಒಂಬತ್ತು ಸೆಕೆಂಡು.

ಆ ಮಧ್ಯಾಹ್ನ ಏನಾಯಿತೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾಕಾಯಿತು ಎಂಬುದು ಮಾತ್ರ ಅವನೊಬ್ಬನಿಗೆ ಗೊತ್ತಾಯಿತು.

ಎಪ್ಪತ್ತೊಂಬತ್ತು ವರ್ಷದ ತಾವೆತ್ತಿ ನಾಲ್ಕನೇ ಮಹಡಿಯ ವಾರ್ಡಿನಲ್ಲಿದ್ದ ರೋಗಿ. ಒಂದು ಕಾಲದಲ್ಲಿ ಸೈಮಾ ಸರೋವರದಲ್ಲಿ ಮರದ ದಿಮ್ಮಿಗಳನ್ನು ಎಳೆಯುವ ದೋಣಿ ನಡೆಸಿದವನು. ಆ ದಿನ ಅವನನ್ನು ಸ್ಕ್ಯಾನಿಗೆ ಕರೆದೊಯ್ಯಬೇಕಿತ್ತು. ಮಂಚ ತಳ್ಳುವವರು ಬೇರೆ ಕಡೆ ಹೋಗಿದ್ದರು. ಕಾದು ಕಾದು ಸಾಕಾಗಿ ತುಯಿರೆ ತಾನೇ ತಳ್ಳಿಕೊಂಡು ಹೊರಟಳು. ಹಳೆಯ ಕಟ್ಟಡದಿಂದ ಹೊಸದಕ್ಕೆ ಹೋಗಲು ನೆಲದಡಿಯ ಸುರಂಗವೊಂದೇ ದಾರಿ. ಅದರ ಮಧ್ಯೆ ಬೆಂಕಿ ತಡೆಯುವ ಉಕ್ಕಿನ ಬಾಗಿಲು, ಅದನ್ನು ದಾಟಿದರೆ ಒಂದು ತಿರುವು. ಬಾಗಿಲು ದಾಟುವಾಗ ತಾವೆತ್ತಿಯ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ತುಯಿರೆ ಕಂಡಳು. ಒಂದು ಕೈಯಲ್ಲಿ ಮಂಚ ತಳ್ಳುತ್ತಲೇ ಡಾಕ್ಟರ್ ವಿರ್ಪಿಗೆ ಫೋನು ಮಾಡಿದಳು. "ತುಯಿರೆ ಮಾತಾಡ್ತಿರೋದು, ತಾವೆತ್ತಿಗೆ ನಾಡಿ ಸಿಕ್ತಿಲ್ಲ, ಕೆಳಗೆ ಸುರಂಗದ ತಿರುವಲ್ಲಿದೀವಿ, ಬೇಗ ಬಾ" ಎಂದು ಹೇಳಿ, ಫೋನನ್ನು ಜೇಬಿಗೆ ಹಾಕಿ, ಎರಡೂ ಕೈಯಿಂದ ಅವನ ಎದೆ ಒತ್ತತೊಡಗಿದಳು.

ಎಕ್ಸ್‌ರೇ ವಿಭಾಗದಲ್ಲಿದ್ದ ವಿರ್ಪಿಗೆ ಕೇಳಿಸಿದ್ದು "ನಾಡಿ ಸಿಕ್ತಿಲ್ಲ" ಎಂಬಲ್ಲಿಯವರೆಗೆ. ಆಮೇಲೆ ಸದ್ದಿಲ್ಲ. ತುಯಿರೆ ಫೋನಿಟ್ಟಳೆಂದುಕೊಂಡು ಅವಳು ನಾಲ್ಕನೇ ಮಹಡಿಗೆ ಓಡಿದಳು. ಅಲ್ಲಿ ಮಂಚವೇ ಇರಲಿಲ್ಲ. ವಿಚಾರಿಸಿ, ಕೆಳಗಿಳಿದು, ಸುರಂಗ ಮುಟ್ಟುವಷ್ಟರಲ್ಲಿ ನಾಲ್ಕು ನಿಮಿಷ ತಡವಾಗಿತ್ತು.

ತಾವೆತ್ತಿ ಬದುಕಿದ. ಆದರೆ ಕಾಫಿ ಕುಡಿದ ಲೋಟ ಕೈಯಲ್ಲಿರುವಾಗಲೇ ಕಾಫಿ ಕೇಳುತ್ತಿದ್ದ. ಹೆಂಡತಿ ಹಿಲ್ಕಳನ್ನು ಕೆಲವು ದಿನ ಗುರುತಿಸುತ್ತಿದ್ದ, ಕೆಲವು ದಿನ ತನ್ನ ಅಕ್ಕನೆಂದು ತಿಳಿಯುತ್ತಿದ್ದ.

ವಿಚಾರಣೆಗೆ ಇಬ್ಬರ ಸಮಿತಿಯಾಯಿತು. ತುಯಿರೆ ತನ್ನ ಹೇಳಿಕೆಯಲ್ಲಿ "ಜಾಗ ಹೇಳಿದೆನೆಂದೇ ನನ್ನ ನೆನಪು. ಆದರೆ ಗಾಬರಿಯಲ್ಲಿ ಹೇಳದೆಯೂ ಇದ್ದಿರಬಹುದು" ಎಂದು ಬರೆದಳು. ಫೋನಿನ ವ್ಯವಸ್ಥೆ ಹಾಕಿದ ಕಂಪನಿಯವರು ಒಮ್ಮೆ ನೋಡಲಿ ಎಂದು ಸಮಿತಿ ಕೇಳಿತು. ಹಾಗಾಗಿ ರೈಮೊ ಬಂದಿದ್ದ.

ಈ ವ್ಯವಸ್ಥೆ ಹಾಕಿದವನು ಅವನೇ. ಹಿಂದಿನ ವಸಂತದಲ್ಲಿ ನರ್ಸುಗಳನ್ನು ಕೂರಿಸಿಕೊಂಡು ಪಾಠ ಹೇಳಿದವನೂ ಅವನೇ. "ನಿಮ್ಮ ಮಾತು ಹೊರಗಿನ ಮೊಬೈಲ್ ಗೋಪುರಕ್ಕೆ ಹೋಗಲ್ಲ. ಸೆಕೆಂಡಿಗೆ ಐವತ್ತು ಚೂರಾಗಿ ಈ ಚಾವಣಿ ಮೇಲಿನ ಡಬ್ಬಿಗಳಿಗೆ ಹೋಗುತ್ತೆ. ಕಂಪ್ಯೂಟರಲ್ಲಿ ಒಂದು ಪುಟ ತೆರೆಯೋದು ಒಂದು ಸೆಕೆಂಡ್ ತಡ ಆದ್ರೆ ಯಾರೂ ಸಾಯಲ್ಲ. ಮಾತು ಹಾಗಲ್ಲ, ಬಿದ್ದುಹೋದ ಚೂರು ಬಿದ್ದೇ ಹೋಯ್ತು. ಅದಕ್ಕೇ ಮಾತಿಗೆ ಎಲ್ಲಕ್ಕಿಂತ ಮುಂದೆ ದಾರಿ ಬಿಡಿಸಿದೀನಿ. ನೀವು ನಡೀತಾ ಹೋದ ಹಾಗೆ ಒಂದು ಡಬ್ಬಿ ಇನ್ನೊಂದರ ಕೈಗೆ ನಿಮ್ಮನ್ನ ದಾಟಿಸುತ್ತೆ. ನಿಮಗೆ ಗೊತ್ತೂ ಆಗಲ್ಲ" ಎಂದಿದ್ದ. ಹಿಂದಿನ ಸಾಲಿನಿಂದ ಯಾರೋ, "ನನ್ನ ಗಂಡನ ಮಾತಿಗೂ ಸ್ವಲ್ಪ ದಾರಿ ಬಿಡ್ಸು ರೈಮೊ, ಬಾಯಿ ಬಿಟ್ಟು ಆರು ವರ್ಷ ಆಯ್ತು" ಎಂದಾಗ ಎಲ್ಲರೂ ನಕ್ಕಿದ್ದರು. ಹಾಗೆಂದವಳು ತುಯಿರೆ.

ದಾಟಿಸುವುದು ಸರಿಯಾಗಿದೆಯೇ ಎಂದು ತಿಳಿಯಲು ಇರುವುದು ಒಂದೇ ಉಪಾಯ. ಪ್ರತಿಯೊಂದು ದಾರಿಯಲ್ಲೂ ಫೋನು ಹಿಡಿದು ಮಾತಾಡುತ್ತ ನಡೆಯಬೇಕು. ನಿಂತು ನೋಡಿದರೆ ಸಿಗ್ನಲ್ಲಿನ ಕಡ್ಡಿಗಳು ತುಂಬಿಯೇ ಕಾಣುತ್ತವೆ. ನಡೆಯುವಾಗ ಫೋನು ಹಳೆಯ ಡಬ್ಬಿಗೇ ಜೋತುಬಿದ್ದಿರುತ್ತದೆ. ಅಷ್ಟರಲ್ಲಿ ಮಧ್ಯೆ ಉಕ್ಕಿನ ಬಾಗಿಲು ಮುಚ್ಚಿಕೊಂಡರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಹೊಸ ಡಬ್ಬಿಯನ್ನು ಹುಡುಕಿ, ತನ್ನ ಗುರುತು ಹೇಳಿ, ಒಳಗೆ ಸೇರಿಕೊಳ್ಳುವವರೆಗೆ ಮಾತು ಗಾಳಿಗೆ ಹೋಗುತ್ತದೆ. ರೈಮೊ ಜುಲೈಯಲ್ಲಿ ಹನ್ನೆರಡು ದಿನ ನಡೆದಿದ್ದ. ಉಳಿದದ್ದು ಸುರಂಗವೊಂದೇ.

ಅದು ಜುಲೈ ಇಪ್ಪತ್ತೊಂದು. ಪ್ರತಿವರ್ಷ ಆ ದಿನ ನಡು ಮಧ್ಯಾಹ್ನ ಹನ್ನೆರಡಕ್ಕೆ ಸರೋವರದಲ್ಲಿ ಸೀಗಡಿ ಹಿಡಿಯಲು ಅನುಮತಿ ಶುರುವಾಗುತ್ತದೆ. ಹೆಂಡತಿಯ ತಮ್ಮ ಬಲೆಬುಟ್ಟಿಗಳನ್ನು ದೋಣಿಗೆ ಹಾಕಿಕೊಂಡು ಕಾಯುತ್ತಿದ್ದ, ಎರಡು ಸಲ ಫೋನೂ ಮಾಡಿದ್ದ. ರೈಮೊ ಸುರಂಗದ ಈ ತುದಿಯಲ್ಲಿ ನಿಂತು ಕಡ್ಡಿ ನೋಡಿದ, ಆ ತುದಿಗೆ ಹೋಗಿ ನೋಡಿದ. ಎರಡೂ ಕಡೆ ತುಂಬಿದ್ದವು. ಫಾರಂನಲ್ಲಿ 'ನಡೆಯುತ್ತ, ಮಾತಾಡುತ್ತ ಪರೀಕ್ಷಿಸಲಾಗಿದೆ' ಎಂಬ ಸಾಲಿನ ಮುಂದೆ ಗುರುತು ಹಾಕಿ, ಸಹಿ ಮಾಡಿ, ಕಾರು ಹತ್ತಿದ. ಮಾತಾಡುತ್ತ ನಡೆದಿದ್ದರೆ ಹಿಡಿಯುತ್ತಿದ್ದುದು ಎರಡು ನಿಮಿಷ.

ಅವನು ತಾಂತ್ರಿಕ ಕೋಣೆಯಿಂದಲೇ ತನ್ನ ಕಂಪನಿಯ ಒಡತಿ ಹನ್ನೆಲೆಗೆ ಫೋನು ಮಾಡಿ ಒಂಬತ್ತು ಸೆಕೆಂಡಿನ ವಿಷಯ ಹೇಳಿದ.

"ಫಾರಂ ಏನ್ ಹೇಳುತ್ತೆ?" ಎಂದಳು ಅವಳು.

"ನಡೆದು ನೋಡಿದೀನಿ ಅನ್ನುತ್ತೆ."

"ಸರಿ, ಮುಗೀತಲ್ಲ."

"ನಾನು ನಡೀಲಿಲ್ಲ ಹನ್ನೆಲೆ."

ಅವಳು ದನಿ ತಗ್ಗಿಸಿ, "ಈ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಎಂಟು ಜನ ಇದೀವಿ ನಾವು. ಈ ಆಸ್ಪತ್ರೆ ಕೈಬಿಟ್ರೆ ಎಂಟೂ ಜನ ಬೀದಿಗೆ. ಯೋಚ್ನೆ ಮಾಡಿ ಬರಿ" ಎಂದು ಇಟ್ಟುಬಿಟ್ಟಳು.

ರೈಮೊ ಯೋಚನೆ ಮಾಡಿದ, ಇಲ್ಲವೆಂದಲ್ಲ. ತನ್ನ ವಯಸ್ಸು ಐವತ್ತನಾಲ್ಕು, ಇನ್ನೆಲ್ಲಿ ಕೆಲಸ ಸಿಗುತ್ತದೆ ಎಂದು ಯೋಚಿಸಿದ. ನಾಲ್ಕು ನಿಮಿಷ ಮೊದಲೇ ಡಾಕ್ಟರ್ ಬಂದಿದ್ದರೂ ಮುದುಕನ ತಲೆ ಹೀಗೇ ಆಗುತ್ತಿತ್ತೇನೋ ಎಂದೂ ಯೋಚಿಸಿದ. ತುಯಿರೆಯೇ ಜಾಗ ಹೇಳಿಲ್ಲವೇನೋ ಅಂದಿದ್ದಾಳಲ್ಲ ಎಂದು ಯೋಚಿಸುವಾಗ ಮಾತ್ರ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಕೈ ನಿಲ್ಲಲಿಲ್ಲ. 'ವ್ಯವಸ್ಥೆಯಲ್ಲಿ ದೋಷ ಕಂಡುಬಂದಿಲ್ಲ' ಎಂದು ವರದಿ ಕಳಿಸಿದ. ಮರುದಿನ ಬೆಳಿಗ್ಗೆ 'ವಾಡಿಕೆಯ ನಿರ್ವಹಣೆ' ಎಂದು ಪುಸ್ತಕದಲ್ಲಿ ಬರೆದು, ಏಣಿ ತಂದು, ಸುರಂಗದ ತಿರುವಿನ ಚಾವಣಿಗೆ ಇನ್ನೊಂದು ಡಬ್ಬಿ ಬಿಗಿದ. ಈಗ ಯಾರು ಬಂದು ನಡೆದು ನೋಡಿದರೂ ಮಾತು ಕಡಿಯುವುದಿಲ್ಲ.

ಮೂರು ದಿನ ಅವನು ಹೆಂಡತಿಗೂ ಹೇಳಲಿಲ್ಲ. "ಏನಾಗಿದೆ ನಿಂಗೆ? ಸೌನಾದ ಹಬೆಯಲ್ಲೂ ಗೋಡೆ ನೋಡ್ಕೊಂಡ್ ಕೂತಿರ್ತೀಯ" ಎಂದು ಅವಳು ಕೇಳಿದರೆ, ಬೆನ್ನುನೋವು ಎಂದ.

ಗುರುವಾರ ಆಸ್ಪತ್ರೆಯ ಊಟದ ಕೋಣೆಯಲ್ಲಿ ಬಟಾಣಿ ಸೂಪಿನ ತಟ್ಟೆ ಹಿಡಿದು ಅವನು ಮೂಲೆಯ ಮೇಜು ಹುಡುಕಿ ಕೂತಾಗ ತುಯಿರೆ ತನ್ನ ತಟ್ಟೆಯೊಂದಿಗೆ ಎದುರಿಗೆ ಬಂದು ಕೂತಳು. ಸಮವಸ್ತ್ರವಿರಲಿಲ್ಲ. ವಿಚಾರಣೆ ಮುಗಿಯುವವರೆಗೆ ಅವಳಿಗೆ ರೋಗಿಗಳ ಕೆಲಸವಿಲ್ಲ, ಕೆಳಗೆ ಕಡತಗಳ ಕೋಣೆಯಲ್ಲಿ ಕೂರಿಸಿದ್ದರು. ಮೂರು ವಾರದಲ್ಲಿ ಕೆನ್ನೆಗಳು ಒಳಕ್ಕೆ ಹೋಗಿದ್ದವು.

"ನಿನ್ನ ವರದಿ ಓದಿದೆ" ಎಂದಳು.

ರೈಮೊ ಚಮಚ ಕೆಳಗಿಟ್ಟ.

"ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ಫೋನಿಂದೇನೋ ತಪ್ಪಿರಬೇಕು ಅಂತ ನಮ್ಮ ವಾರ್ಡಿನವರೆಲ್ಲ ಸಮಾಧಾನ ಮಾಡೋರು. ನಂಗೂ ಆ ಆಸೆ ಇತ್ತು. ಆ ಮಾತನ್ನ ದಿನಾ ಬಾಯಲ್ಲಿ ಹೇಳಿ ಹೇಳಿ ನೋಡ್ತಿದ್ದೆ. ಸುರಂಗದ ತಿರುವಲ್ಲಿದೀವಿ ಅಂದ್ನಾ, ಅನ್ಲಿಲ್ವಾ. ಈಗ ಅದೊಂದು ನಿಂತಿತು. ನಾನೇ ಹೇಳಿಲ್ಲ. ಮೊನ್ನೆ ಹಿಲ್ಕ ಹತ್ರ ಹೋಗಿ ಒಪ್ಕೊಂಡೆ. ಪಾಪ, ಬೈಲೂ ಇಲ್ಲ. ಕೈ ಹಿಡ್ಕೊಂಡ್ರು."

ರೈಮೊಗೆ ಅಲ್ಲೇ ಹೇಳಬೇಕೆನಿಸಿತು. ಬಾಯಿ ತೆರೆದ. ಹೊರಬಂದದ್ದು, "ಸೂಪ್ ಆರೋಗುತ್ತೆ, ತಿನ್ನು" ಎಂಬ ಮಾತು.

ಅವಳು ಎದ್ದು ಹೋದ ಮೇಲೆ ತನ್ನ ಸೂಪನ್ನು ಹಾಗೇ ಬಿಟ್ಟು ಅವನು ಹೊರಗೆ ಬಂದು ಕಾರಿನಲ್ಲಿ ಕೂತ. ಮಂಜು ಬೀಳುತ್ತಿತ್ತು. ಮುಂದಿನ ಗಾಜು ಮುಚ್ಚಿಹೋಗುವವರೆಗೂ ಗಾಡಿ ಶುರು ಮಾಡಲಿಲ್ಲ. ನಡೆಯದೆ ಸಹಿ ಹಾಕಿದ್ದು ಸೋಮಾರಿತನ, ಅದಕ್ಕೊಂದು ಹೆಸರಿದೆ. ಆದರೆ ಈಗ ಮಾಡಿದ್ದಕ್ಕೆ ಏನೆನ್ನಬೇಕು? ತಪ್ಪಿಲ್ಲದವಳ ನೆನಪನ್ನೇ ಅವನು ಕಿತ್ತುಕೊಂಡಿದ್ದ. ಅವಳು ಅದಕ್ಕೆ ಉಪಕಾರ ನೆನೆದು ಹೋಗಿದ್ದಳು.

ಶುಕ್ರವಾರ ಬೆಳಿಗ್ಗೆ ಸಮಿತಿಗೆ ಎಲ್ಲವನ್ನೂ ಬರೆದು ಕಳಿಸಿದ. ನಡೆಯದಿದ್ದದ್ದು, ಸುಳ್ಳು ವರದಿ, ಕದ್ದುಮುಚ್ಚಿ ಬಿಗಿದ ಡಬ್ಬಿ, ಮತ್ತು ಒಂಬತ್ತು ಸೆಕೆಂಡಿನ ದಾಖಲೆ. ಹನ್ನೆಲೆಗೂ ಒಂದು ಪ್ರತಿ ಹೋಯಿತು. ಆಮೇಲೆ ತುಯಿರೆಯನ್ನು ಸುರಂಗಕ್ಕೆ ಕರೆದ.

"ಇಲ್ಲಿಗ್ಯಾಕೆ?" ಅವಳು ಬಾಗಿಲ ಬಳಿಯೇ ನಿಂತಳು. "ನಾನಿಲ್ಲಿ ಬರೋದೇ ಬಿಟ್ಟಿದೀನಿ."

ರೈಮೊ ಅವಳಿಗೆ ಹೇಳಿದ. ನಿಂತ ಕಾಲಲ್ಲೇ, ಮೊದಲಿಂದ ಕೊನೆಯವರೆಗೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಅವನು ಹೊಸ ಡಬ್ಬಿಯ ತಂತಿ ಕಳಚಿ, ಒಂದು ಫೋನನ್ನು ಅವಳಿಗೆ ಕೊಟ್ಟು, ವಿರ್ಪಿ ಅಂದು ನಿಂತಿದ್ದ ಎಕ್ಸ್‌ರೇ ವಿಭಾಗಕ್ಕೆ ಕಳಿಸಿದ. ತಾನು ಇನ್ನೊಂದು ಫೋನು ಹಿಡಿದು ಹಳೆಯ ಕಟ್ಟಡದ ಕಡೆಯಿಂದ ನಡೆದು ಬಂದ. ಬಾಗಿಲು ದಾಟುತ್ತ ಅದೇ ಮಾತು ಹೇಳಿದ. ತುಯಿರೆ ಮಾತಾಡ್ತಿರೋದು. ತಾವೆತ್ತಿಗೆ ನಾಡಿ ಸಿಕ್ತಿಲ್ಲ. ಬೆನ್ನ ಹಿಂದೆ ಉಕ್ಕಿನ ಬಾಗಿಲು ಮುಚ್ಚಿಕೊಂಡಿತು. ಕೆಳಗೆ ಸುರಂಗದ ತಿರುವಲ್ಲಿದೀವಿ.

ತಿರುವು ಕಳೆದು ಇನ್ನೂ ಹತ್ತು ಹೆಜ್ಜೆ ಹೋದ ಮೇಲೆ ಕಡಿದಿದ್ದ ಫೋನಿನಲ್ಲಿ ಮತ್ತೆ ಅವಳ ಉಸಿರು ಕೇಳಿಸಿತು.

"ಇನ್ನೊಂದ್ಸಲ" ಎಂದಳು.

ಅವನು ವಾಪಸು ಹೋಗಿ ಮತ್ತೆ ನಡೆದ. ಮತ್ತೆ ಅದೇ ಮಾತು, ಅದೇ ಬಾಗಿಲು, ಅದೇ ಮೌನ.

"ಇನ್ನೊಂದ್ಸಲ."

ನಾಲ್ಕನೆಯ ಸಲ ಮುಗಿದ ಮೇಲೆ ಅವಳು ಸುರಂಗಕ್ಕಿಳಿದು ಬಂದಳು. ಅಳುತ್ತಿರಲಿಲ್ಲ. "ನಾನು ಹೇಳಿದ್ದೆ" ಎಂದಳು. ಅವನಿಗಲ್ಲ, ತನಗೇ. ಆಮೇಲೆ ಅವನತ್ತ ತಿರುಗಿ, "ನಿನ್ನೆ ಸೂಪ್ ಮುಂದೆ ಕೂತಿದ್ಯಲ್ಲ, ಆಗ್ಲೂ ಗೊತ್ತಿತ್ತಾ ನಿಂಗೆ?" ಎಂದು ಕೇಳಿದಳು.

"ಗೊತ್ತಿತ್ತು."

"ಸೂಪ್ ಆರೋಗುತ್ತೆ ಅಂದ್ಯಲ್ಲೋ ಪಾಪಿ."

ಅವನು ತಲೆ ತಗ್ಗಿಸಿದ.

"ನನ್ನ ಹತ್ರ ಕ್ಷಮೆ ಕೇಳ್ಬೇಡ. ಕೇಳಿದ್ರೆ ಬಾಯಿಗೆ ಬಂದಿದ್ದೆಲ್ಲ ಅಂತೀನಿ. ಹಿಲ್ಕ ಮುಂದೆ ನಾನು ತಪ್ಪಿತಸ್ಥೆ ಆಗಿ ಕೂತು ಬಂದಿದೀನಿ. ಮೊದಲು ಹೋಗಿ ಅವರಿಗೆ ಹೇಳು. ಇವತ್ತೇ."

ಹಿಲ್ಕ ವಾರ್ಡಿನಲ್ಲಿ ಗಂಡನ ಮಂಚದ ಪಕ್ಕ ಕೂತು ಅವನಿಗೆ ಬನ್ನು ಮುರಿದು ಕೊಡುತ್ತಿದ್ದಳು. ರೈಮೊ ಟೋಪಿ ಕೈಯಲ್ಲಿ ಹಿಡಿದು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದಳು. ತಂತಿ, ಡಬ್ಬಿ ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕೇಳಿದ್ದು ಒಂದೇ.

"ಆ ದಿನ ಯಾಕಪ್ಪಾ ನಡೀಲಿಲ್ಲ ನೀನು?"

ಸಮಿತಿಗೆ ಅವನು 'ಸಮಯದ ಒತ್ತಡ' ಎಂದು ಬರೆದಿದ್ದ. ಇಲ್ಲಿ ಆ ಮಾತು ನಾಲಿಗೆಗೆ ಬರಲಿಲ್ಲ.

"ಸೀಗಡಿ ಹಿಡಿಯೋಕೆ ಹೋಗ್ಬೇಕಿತ್ತು."

ಹಿಲ್ಕ ಕಿಟಕಿಯ ಕಡೆ ನೋಡಿದಳು. ಕೈಯಲ್ಲಿದ್ದ ಬನ್ನು ಪುಡಿಯಾಗಿ ಮಡಿಲಿಗೆ ಉದುರುತ್ತಿತ್ತು. ಅಷ್ಟರಲ್ಲಿ ತಾವೆತ್ತಿ ದಿಂಬಿನಿಂದ ತಲೆ ಎತ್ತಿ, "ಸಿಕ್ಕಿದ್ವಾ?" ಎಂದ.

ರೈಮೊ ಹಿಲ್ಕಳ ಮುಖ ನೋಡಿದ.

"ಕೇಳ್ತಿದಾರಲ್ಲ, ಉತ್ತರ ಕೊಡು" ಎಂದಳು ಹಿಲ್ಕ.

"ಸಿಕ್ಕಿದ್ವು. ನೂರಾ ಹತ್ತು."

"ಒಳ್ಳೇ ವರ್ಷ" ಎಂದು ಮುದುಕ ಮತ್ತೆ ದಿಂಬಿಗೊರಗಿದ. ಹಿಲ್ಕ ಮಡಿಲಿನ ಪುಡಿ ಕೊಡವಿಕೊಂಡು, "ನೀನಿನ್ನು ಹೋಗು. ಆ ಹುಡುಗಿ ಇಲ್ಲಿ ಬಂದಾಗ ಅವಳ ಕೈ ನಡುಗ್ತಿತ್ತು. ನಿಂದು ನಡುಗ್ತಿಲ್ಲ. ಯಾಕೋ ನಂಗದು ಸರಿ ಅನ್ನಿಸ್ಲಿಲ್ಲ" ಎಂದಳು.

ಮೆಟ್ಟಿಲಿಳಿಯುವಾಗ ಅವನು ತನ್ನ ಕೈಗಳನ್ನು ನೋಡಿಕೊಂಡ. ನಿಜ, ಸ್ಥಿರವಾಗಿದ್ದವು. ಎಷ್ಟೋ ವರ್ಷ ಏಣಿಯ ತುದಿಯಲ್ಲಿ ನಿಂತು ತಂತಿ ಸೇರಿಸಿದ ಕೈಗಳು. ಒಳಗಿನದನ್ನು ಅವು ಹೊರಗೆ ತೋರಿಸುತ್ತಿರಲಿಲ್ಲ.

ಕ್ರಿಸ್‌ಮಸ್ಸಿಗೆ ಮೊದಲು ಸಮಿತಿಯ ತೀರ್ಮಾನ ಬಂತು. ತುಯಿರೆಯ ಹೆಸರು ಪೂರ್ತಿ ಚೊಕ್ಕವಾಯಿತು, ವಾರ್ಡಿಗೆ ಮರಳಿದಳು. ಆ ನಾಲ್ಕು ನಿಮಿಷದಿಂದ ತಾವೆತ್ತಿಗೆ ಎಷ್ಟು ಹಾನಿಯಾಯಿತೆಂದು ಹೇಳಲು ಬರುವುದಿಲ್ಲ ಎಂದು ವೈದ್ಯರು ಬರೆದಿದ್ದರು. ಎಲ್ಲವೂ ನಿನ್ನಿಂದಲೇ ಎಂದಿದ್ದರೆ, ಅಥವಾ ಏನೂ ಇಲ್ಲ ಎಂದಿದ್ದರೆ, ಆ ಭಾರಕ್ಕೊಂದು ಅಳತೆ ಸಿಗುತ್ತಿತ್ತು. ಆ ಒಂದು ಸಾಲನ್ನು ರೈಮೊ ಎಷ್ಟು ಸಲ ಓದಿದನೋ ಲೆಕ್ಕವಿಲ್ಲ. ಕಂಪನಿ ಉಳಿಯಿತು, ಇಡೀ ಕಟ್ಟಡವನ್ನು ಬೇರೆಯವರ ಕಣ್ಣೆದುರಿಗೆ ಮತ್ತೆ ನಡೆದು ತೋರಿಸಬೇಕೆಂಬ ಷರತ್ತಿನ ಮೇಲೆ. ಹನ್ನೆಲೆ ಅವನನ್ನು ಕೆಲಸದಿಂದ ತೆಗೆಯಲಿಲ್ಲ. "ತೆಗೀಬೇಕಿತ್ತು. ಆದ್ರೆ ಯೋಚ್ನೆ ಮಾಡಿ ಬರಿ ಅಂದೋಳು ನಾನೇ ತಾನೆ" ಎಂದಳಷ್ಟೆ. ಸಹಿ ಹಾಕುವ ಅಧಿಕಾರ ಹೋಯಿತು. ತಂತಿ ಎಳೆಯುವ ಕೆಲಸ ಉಳಿಯಿತು.

ಚಳಿಗಾಲವಿಡೀ ತುಯಿರೆ ಎದುರಾದಾಗಲೆಲ್ಲ ಗೋಡೆಯನ್ನು ದಾಟಿ ಹೋಗುವಂತೆ ಅವನನ್ನು ದಾಟಿ ಹೋದಳು. ಮಾರ್ಚಿನ ಒಂದು ಬೆಳಿಗ್ಗೆ, ಅವನು ಇನ್ನೊಂದು ಊರಿನ ಶಾಲೆಯಲ್ಲಿ ಏಣಿಯ ಮೇಲಿದ್ದಾಗ, ಫೋನು ಬಂತು.

"ತುಯಿರೆ. ನಾಲ್ಕನೇ ಮಹಡಿ ಔಷಧಿ ಕೋಣೆಲಿ ಫ್ರಿಜ್ ಜಾಗ ಬದಲಾಯ್ಸಿದಾರೆ. ಅವತ್ತಿಂದ ಅಲ್ಲಿ ಮಾತು ಒಡೆದು ಒಡೆದು ಬರ್ತಿದೆ. ಬಂದು ನೋಡು."

"ಬರ್ತೀನಿ. ನೀನು ಹೇಗಿ—"

ಅವಳು ಆಗಲೇ ಇಟ್ಟಿದ್ದಳು. ರೈಮೊ ಏಣಿಯಿಂದಿಳಿದು, ಶಾಲೆಯವರಿಗೆ ಮಧ್ಯಾಹ್ನದ ಮೇಲೆ ಬರುತ್ತೇನೆಂದು ಹೇಳಿ, ಆಸ್ಪತ್ರೆಯ ಕಡೆ ಹೊರಟ.